ದೇಹದರ್ಶನ: ಜಲಬಾಧೆಯ ವಿಚಾರ

ಕಳೆದ ಸಂಚಿಕೆಯಲ್ಲಿ ಉಸಿರಾಟವನ್ನು ಕುರಿತು ನಾಲ್ಕು ಮಾತುಗಳನ್ನು ಬರೆದುದು ವಾಚಕ ಮಹಾಶಯರ ನೆನಪಿನಲ್ಲಿರಬಹುದು. ಅದನ್ನೋದಿದ ಸೋದರಿಯೊಬ್ಬರು, ಒಳಗೆ ಬರುವ ಗಾಳಿಯ ವಿಷಯವನ್ನು ಹೇಳಿದಂತೆಯೇ ಹೊರಗೆ ಹೋಗುವ ನೀರಿನ ವಿಷಯವನ್ನೂ ಹೇಳಬಾರದೇಕೆ ಎಂದು ಕೇಳಿ ಬರೆದಿದ್ದಾರೆ. "ಇಂಥದನ್ನು ಕೇಳಿದೆನೆಂದು ತಪ್ಪು ತಿಳಿಯಬೇಡಿರಿ" ಎಂದು ಕೊನೆಯಲ್ಲಿ ಒಂದು ಸಾಲನ್ನೂ ಸೇರಿಸಿದ್ದಾರೆ. ತಪ್ಪು ತಿಳಿಯುವ ಮಾತು ಹಾಗಿರಲಿ, ಆ ಕಡೆಯ ಸಾಲೇ ಈ ತಿಂಗಳ ಲೇಖನವನ್ನು ನನ್ನಿಂದ ಬರೆಯಿಸುತ್ತಿದೆ.

ನಮ್ಮ ನುಡಿಯಲ್ಲಿ ಈ ಕಾರ್ಯಕ್ಕಿರುವ ಸಭ್ಯವಾದ ಹೆಸರುಗಳನ್ನು ನೋಡಿರಿ. ದೊಡ್ಡವರು 'ಜಲಬಾಧೆ' ಎನ್ನುವರು. ಸಂಸ್ಕೃತ ಬಲ್ಲವರು 'ಲಘುಶಂಕೆ' ಎನ್ನುವರು. ಶಾಲೆಯ ಮಕ್ಕಳು ಕಿರುಬೆರಳನ್ನೆತ್ತಿ 'ಒಂದಕ್ಕೆ' ಎನ್ನುವರು. ಮೊದಲನೆಯದರಲ್ಲಿ ಬಾಧೆ, ಎರಡನೆಯದರಲ್ಲಿ ಶಂಕೆ, ಮೂರನೆಯದರಲ್ಲಿ ಬರಿಯ ಅಂಕೆ! ಮರ್ಯಾದೆಯ ಮಾತು ಮನೆಗೆ ಭೂಷಣವೇ ಸರಿ. ಅದನ್ನು ಬಿಡಬೇಕೆಂದು ನಾನು ಹೇಳಲಾರೆನು. ಆದರೆ ಹೆಸರಿಗೆ ಹೊದಿಸಿದ ಮುಸುಕು ಅಂಗದ ಆರೈಕೆಯನ್ನೂ ಮರೆಮಾಡುವಂತಾದರೆ ಅದು ಮರ್ಯಾದೆಯಾಗಿ ಉಳಿಯುವುದಿಲ್ಲ, ರೋಗಕ್ಕೆ ಕಾರಣವಾಗುವುದು. ಆ ಮುಸುಕಿನ ದೆಸೆಯಿಂದ ಒಂದು ಮಗುವಿಗೆ ನಾನೇ ಮಾಡಿದ ಅಪಕಾರವನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಈ ಅಂಗಗಳ ಪರಿಚಯವನ್ನು ಮಾಡಿಕೊಳ್ಳುವುದು ಉಚಿತ.

ಬೆನ್ನಿನ ಕಡೆಗೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ, ಬೆನ್ನೆಲುಬಿನ ಎರಡು ಪಕ್ಕಗಳಲ್ಲಿಯೂ ಒಂದೊಂದು ಮೂತ್ರಪಿಂಡವಿರುವುದು. ಇದರ ಆಕಾರ ಅಲಸಂದೆಯ ಕಾಳಿನಂತೆ. ಉದ್ದ ಸುಮಾರು ೧೧ ಸೆಂಟಿಮೀಟರು. ತೂಕ ೧೫೦ ಗ್ರಾಮಿನ ಆಸುಪಾಸು. ಬಲಗಡೆ ಮೇಲ್ಭಾಗವನ್ನು ಯಕೃತ್ತು ಆಕ್ರಮಿಸಿರುವುದರಿಂದ ಬಲದ ಪಿಂಡವು ಎಡದಕ್ಕಿಂತ ಸ್ವಲ್ಪ ಕೆಳಗಿರುವುದು. ದೇಹದ ತೂಕದಲ್ಲಿ ಇವೆರಡೂ ಸೇರಿ ಇನ್ನೂರರಲ್ಲೊಂದು ಪಾಲಿನಷ್ಟು ಮಾತ್ರ. ಹೀಗಿದ್ದರೂ ಹೃದಯವು ಹೊರದೂಡುವ ರಕ್ತದಲ್ಲಿ ಐದರಲ್ಲೊಂದು ಪಾಲು, ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕು, ಇವುಗಳ ಮೂಲಕವೇ ಹರಿದುಹೋಗುವುದು. ಇಷ್ಟು ಸಣ್ಣ ಅಂಗಕ್ಕೆ ಇಷ್ಟು ರಕ್ತವೇಕೆ? ತನ್ನ ಪೋಷಣೆಗಾಗಿಯಲ್ಲ, ದೇಹದ ರಕ್ತವನ್ನೆಲ್ಲ ತೊಳೆದು ಶುಚಿಮಾಡಿ ಹಿಂದಿರುಗಿಸುವುದಕ್ಕಾಗಿ.

ತೊಳೆಯುವ ಬಗೆ ವಿಸ್ಮಯಕರವಾದುದು. ಒಂದೊಂದು ಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಇವಕ್ಕೆ ನೆಫ್ರಾನ್ ಎಂದು ಹೆಸರು. ಪ್ರತಿಯೊಂದರ ತಲೆಯಲ್ಲಿಯೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಗೊಂಚಲು, ಅದನ್ನು ಬಟ್ಟಲಿನಂತೆ ಆವರಿಸಿದ ಒಂದು ಕೋಶ, ಆ ಬಟ್ಟಲಿನಿಂದ ಹೊರಟು ಸುತ್ತಿಬಳಸಿ ಹರಿಯುವ ಒಂದು ಸಣ್ಣ ಕೊಳವೆ. ಇಟಲಿಯ ಮಾಲ್ಪಿಗಿ ಎಂಬ ಪಂಡಿತನು ೧೬೬೬ರಲ್ಲಿ ಈ ಗೊಂಚಲುಗಳನ್ನು ವರ್ಣಿಸಿದನು. ಆದರೆ ಬಟ್ಟಲಿಗೂ ಕೊಳವೆಗೂ ಇರುವ ಸಂಬಂಧವನ್ನು ಇಂಗ್ಲೆಂಡಿನ ಬೌಮನ್ ಎಂಬ ವೈದ್ಯನು ೧೮೪೨ರಲ್ಲಿ ತೋರಿಸಿಕೊಡುವವರೆಗೆ ಇದರ ಕೆಲಸ ಸ್ಪಷ್ಟವಾಗಿರಲಿಲ್ಲ.

ರಕ್ತವು ಗೊಂಚಲಿನಲ್ಲಿ ಒತ್ತಡದಿಂದ ಹರಿಯುವಾಗ ಅದರ ನೀರು, ಉಪ್ಪು, ಸಕ್ಕರೆ, ಕಶ್ಮಲ ಮೊದಲಾದ ಸಣ್ಣ ಪದಾರ್ಥಗಳೆಲ್ಲ ಬಟ್ಟಲಿಗೆ ಸೋಸಿ ಇಳಿಯುವುವು. ರಕ್ತಕಣಗಳೂ ದೊಡ್ಡ ಪ್ರೋಟೀನುಗಳೂ ನಾಳದಲ್ಲಿಯೇ ಉಳಿಯುವುವು. ಹೀಗೆ ಸೋಸಿದ ದ್ರವವು ದಿನವೊಂದಕ್ಕೆ ಸುಮಾರು ೧೮೦ ಲೀಟರು. ನಮ್ಮ ಮನೆಗಳಲ್ಲಿ ಹದಿನೈದು ಲೀಟರು ಹಿಡಿಯುವ ಕೊಡವಿದ್ದರೆ, ಅಂಥ ಹನ್ನೆರಡು ಕೊಡಗಳಷ್ಟು! ಆದರೆ ನಾವು ಹೊರಗೆ ಬಿಡುವುದು ಒಂದೂವರೆ ಲೀಟರು, ಎಂದರೆ ಒಂದು ದೊಡ್ಡ ಚೊಂಬಿನಷ್ಟು. ಮಿಕ್ಕುದೆಲ್ಲವನ್ನೂ ಆ ಸಣ್ಣ ಕೊಳವೆಗಳು ಪುನಃ ಹೀರಿ ರಕ್ತಕ್ಕೆ ಸೇರಿಸುವುವು. ಸೋಸಿದ ನೂರು ಪಾಲಿನಲ್ಲಿ ತೊಂಬತ್ತೊಂಬತ್ತು ಪಾಲು ಹೀಗೆ ಹಿಂದಿರುಗುವುದು.

ಹೊರಹಾಕಿದುದನ್ನೆಲ್ಲ ಮತ್ತೆ ಒಳಗೆಳೆದುಕೊಳ್ಳುವುದು ವ್ಯರ್ಥಶ್ರಮವಲ್ಲವೆ ಎಂದು ಕೇಳಬಹುದು. ಇದಕ್ಕೆ ಉತ್ತರವನ್ನು ಗೃಹಿಣಿಯರು ನನಗಿಂತ ಚೆನ್ನಾಗಿ ಬಲ್ಲರು. ಯುಗಾದಿಗೆ ಮುಂಚೆ ಅಟ್ಟವನ್ನು ಶುಚಿಮಾಡುವಾಗ ಅವರು ಒಳಗೆ ಕುಳಿತು ಕಸವನ್ನು ಒಂದೊಂದಾಗಿ ಹುಡುಕುವುದಿಲ್ಲ. ಇದ್ದುದನ್ನೆಲ್ಲ ಕೆಳಗಿಳಿಸಿ, ಬೇಕಾದುದನ್ನು ಗುರುತಿಸಿ ಮೇಲಿಟ್ಟು, ಉಳಿದುದನ್ನು ಹೊರಗೆ ಕಳುಹಿಸುವರು. ಮೂತ್ರಪಿಂಡದ ನೀತಿಯೂ ಇದೇ. ಬೇಡವಾದುದರ ಪಟ್ಟಿ ಎಂದಿಗೂ ಪೂರ್ಣವಾಗದು. ಬೇಕಾದುದರ ಪಟ್ಟಿಯನ್ನು ಮಾತ್ರ ಇಟ್ಟುಕೊಂಡರೆ, ಹೊಸದಾಗಿ ಬಂದ ಔಷಧದ ಉಳಿಕೆಯೂ ಹಾದಿ ಕೇಳದೆ ಹೊರಟುಹೋಗುವುದು. ಇಷ್ಟೇ ಅಲ್ಲದೆ, ರಕ್ತದ ಒತ್ತಡವನ್ನು ಹತೋಟಿಯಲ್ಲಿಡುವುದು, ಕೆಂಪು ಕಣಗಳನ್ನು ಹುಟ್ಟಿಸೆಂದು ಎಲುಬಿನ ಮಜ್ಜೆಗೆ ಸೂಚನೆ ಕಳುಹಿಸುವುದು, ಎಲುಬಿಗೆ ಬೇಕಾದ ಡಿ ಜೀವಸತ್ತ್ವವನ್ನು ಕೆಲಸಕ್ಕೆ ಬರುವಂತೆ ಮಾರ್ಪಡಿಸುವುದು, ಇವೂ ಆ ಪಿಂಡಗಳ ಕಾರ್ಯಗಳೇ. ಮೂತ್ರಪಿಂಡ ಕೆಟ್ಟವರ ಮುಖ ಬಿಳಿಚಿಕೊಳ್ಳುವುದೇಕೆಂದು ಇದರಿಂದ ತಿಳಿಯಬಹುದು.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಏನು ಬಲ್ಲವರಾಗಿದ್ದರೆಂಬ ಕುತೂಹಲ ಸಹಜವಾದುದು. ಅಥರ್ವವೇದದ ಮೊದಲ ಕಾಂಡದಲ್ಲಿಯೇ, ತಡೆದು ನಿಂತ ಮೂತ್ರವು ಹೊರಬೀಳಲೆಂದು ಪ್ರಾರ್ಥಿಸುವ ಒಂದು ಸೂಕ್ತವಿದೆ. ಅದರಲ್ಲಿ 'ವಸ್ತಿ' ಎಂಬ ಮೂತ್ರಾಶಯದ ಹೆಸರೂ, ಅದಕ್ಕೆ ಸೇರುವ ನಾಳಗಳೆಂದು ಅರ್ಥಮಾಡುವ 'ಗವೀನೀ' ಎಂಬ ಮಾತೂ ಬರುವುವು. ಸುಶ್ರುತನು ಮೂತ್ರಾಶಯದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ಕ್ರಮವನ್ನು ವಿವರವಾಗಿ ಹೇಳಿದ್ದಾನೆ. ಮೂತ್ರಾಶಯ ತುಂಬುವ ಬಗೆಗೆ ಅವನು ಕೊಡುವ ಉಪಮಾನವೂ ಸೊಗಸಾದುದು: ಕಂಠದವರೆಗೆ ನೀರಿನಲ್ಲಿ ಮುಳುಗಿಸಿಟ್ಟ ಹೊಸ ಮಡಕೆಯ ಒಳಕ್ಕೆ ಸುತ್ತಲಿಂದ ನೀರು ಜಿನುಗಿ ತುಂಬುವಂತೆ, ಎಚ್ಚರದಲ್ಲಿಯೂ ನಿದ್ದೆಯಲ್ಲಿಯೂ ಅದು ತುಂಬುತ್ತಿರುವುದೆಂದು ಅವನ ಮತ. ಜಿನುಗಿ ಸೋಸುವುದೆಂಬ ಕಲ್ಪನೆ ಸರಿಯಾದುದೇ. ಆದರೆ ಅದು ನಡೆಯುವ ಸ್ಥಳ ಮೂತ್ರಾಶಯವಲ್ಲ, ಮೇಲಿನ ಪಿಂಡ. 'ವೃಕ್ಕ'ವೆಂಬ ಹೆಸರಿನಿಂದ ಪಿಂಡಗಳನ್ನು ಅವರು ಬಲ್ಲರು. ಆದರೆ ಚರಕನು ಅವನ್ನು ಮೇದಸ್ಸಿಗೆ ಸಂಬಂಧಿಸಿದವೆಂದು ಎಣಿಸಿದನೇ ಹೊರತು ಮೂತ್ರಕ್ಕಲ್ಲ. ಪೂರ್ವಿಕರಲ್ಲಿ ಗೌರವವಿರುವವರು ಅವರು ಕಂಡುದನ್ನೂ ಕಾಣದೆ ಹೋದುದನ್ನೂ ಸಮನಾಗಿ ಹೇಳಬೇಕು.

ಆದರೆ ಒಂದು ವಿಷಯವನ್ನು ಅವರು ಇಂದಿನ ವೈದ್ಯರಷ್ಟೇ ಖಚಿತವಾಗಿ ಹೇಳಿದ್ದಾರೆ. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು, ಬಂದ ವೇಗಗಳನ್ನು ತಡೆಯಬಾರದೆಂಬ ವಿಧಿಯಿಂದಲೇ ಆರಂಭವಾಗುವುದು. ವೇಗವೆಂದರೆ ದೇಹದಲ್ಲಿ ತಾನಾಗಿ ಹುಟ್ಟುವ ಒತ್ತರ. ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ ಮುಂತಾಗಿ ಹದಿಮೂರನ್ನು ಅಲ್ಲಿ ಎಣಿಸಿದೆ. ಆ ಹದಿಮೂರರಲ್ಲಿ ಮೊದಲನೆಯದು ಯಾವುದು ಬಲ್ಲಿರಾ? ಮೂತ್ರವೇಗ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಆ ಶ್ಲೋಕಗಳ ಅನ್ವಯವನ್ನು ನಾನು ಒಪ್ಪಿಸಿದ್ದೆನು. ವಿಭಕ್ತಿಯಲ್ಲಿ ಒಂದು ತಪ್ಪೂ ಇಲ್ಲದೆ ಒಪ್ಪಿಸಿದೆನೆಂದು ಹೊಗಳಿಸಿಕೊಂಡೂ ಇದ್ದೆನು.

ಇನ್ನು ಆ ವೇಗ ಹುಟ್ಟುವ ಬಗೆಯನ್ನು ನೋಡೋಣ. ಪಿಂಡಗಳಿಂದ ಹೊರಟ ಮೂತ್ರವು ೨೫ರಿಂದ ೩೦ ಸೆಂಟಿಮೀಟರು ಉದ್ದದ ಎರಡು ನಾಳಗಳ ಮೂಲಕ ಹನಿಹನಿಯಾಗಿ ಮೂತ್ರಾಶಯಕ್ಕೆ ಇಳಿಯುವುದು. ನಾಳಗಳು ಮೂತ್ರಾಶಯದ ಗೋಡೆಯನ್ನು ಓರೆಯಾಗಿ ಭೇದಿಸಿ ಒಳಹೊಗುವುದರಿಂದ, ಚೀಲ ತುಂಬಿದಾಗ ಅದರ ಒತ್ತಡವೇ ನಾಳದ ಬಾಯನ್ನು ಅದುಮಿ ಮುಚ್ಚುವುದು. ಇಳಿದ ನೀರು ಮತ್ತೆ ಮೇಲೇರದು. ಮೂತ್ರಾಶಯವು ಮಾಂಸಖಂಡದ ಚೀಲ. ಸುಮಾರು ೨೦೦ ಮಿಲಿಲೀಟರು ಸೇರುತ್ತಲೇ ಅದರ ಗೋಡೆಯ ನರಗಳು ಮೊದಲ ಸೂಚನೆಯನ್ನು ಕೊಡುವುವು. ೪೦೦-೫೦೦ ಆದಾಗ ಒತ್ತರ ಬಲವಾಗುವುದು. ಚೀಲದ ಬಾಯಲ್ಲಿ ಎರಡು ಕಾವಲುಗಳಿವೆ. ಒಳಗಿನದು ನಮ್ಮ ಮಾತನ್ನು ಕೇಳದು. ಹೊರಗಿನದು ನಮ್ಮ ಇಚ್ಛೆಗೆ ಅಧೀನವಾದುದು. ಎಳೆಯ ಮಗುವಿನಲ್ಲಿ ಈ ಹೊರಗಾವಲಿನ ಮೇಲೆ ಮಿದುಳಿಗೆ ಹತೋಟಿ ಬಂದಿರುವುದಿಲ್ಲ. ಎರಡು ವರ್ಷ ತುಂಬಿದ ಮೇಲೆ ಮೆಲ್ಲಮೆಲ್ಲನೆ ಬರುವುದು, ನಿದ್ದೆಯಲ್ಲಿ ಇನ್ನೂ ತಡವಾಗಿ ಬರುವುದು. ಐದಾರು ವರ್ಷದ ಮಗು ರಾತ್ರಿ ಹಾಸಿಗೆ ಒದ್ದೆಮಾಡಿತೆಂದು ಬೈಯುವ ತಾಯಂದಿರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅದು ಸೋಮಾರಿತನವಲ್ಲ, ನರಗಳು ಇನ್ನೂ ಬಲಿಯಬೇಕಾಗಿದೆ, ಅಷ್ಟೆ. ಬೈಗುಳದಿಂದ ನರಗಳು ಬಲಿಯುವುದಿಲ್ಲ.

ಒಮ್ಮೊಮ್ಮೆ ಸ್ವಲ್ಪ ಹೊತ್ತು ತಡೆದರೆ ಆರೋಗ್ಯವಂತರಿಗೆ ಅಪಾಯವೇನೂ ಇಲ್ಲ. ದಿನದಿನವೂ ತಡೆಯುವುದು ಅಭ್ಯಾಸವಾದಾಗ ಕೇಡು. ಮೂತ್ರಮಾರ್ಗದ ದ್ವಾರದಿಂದ ಮೇಲಕ್ಕೆ ಹತ್ತಲು ಸೂಕ್ಷ್ಮಜೀವಿಗಳು ಸದಾ ಹೊಂಚುಹಾಕುತ್ತಿರುವುವು. ಅವು ಮುಖ್ಯವಾಗಿ ನಮ್ಮ ಕರುಳಿನಲ್ಲಿಯೇ ವಾಸಿಸುವ ಜಾತಿಯವು. ಮೇಲಿಂದ ಆಗಾಗ ಹರಿದುಬರುವ ಮೂತ್ರವೇ ಅವನ್ನು ಕೊಚ್ಚಿ ಹೊರಹಾಕುವ ಕಾಲುವೆ. ಕಾಲುವೆ ನಿಂತರೆ ಪಾಚಿ ಕಟ್ಟುವಂತೆ, ನೀರು ಕುಡಿಯದೆ, ಬಂದುದನ್ನೂ ಬಿಡದೆ ಇದ್ದರೆ ಆ ಜೀವಿಗಳು ಬೆಳೆಯುವುವು. ಉರಿ, ಪದೇಪದೇ ಒತ್ತರ, ದುರ್ಗಂಧ, ಕಿಬ್ಬೊಟ್ಟೆಯ ನೋವು ತೋರುವುವು. ಅಲಕ್ಷ್ಯಮಾಡಿದರೆ ನಾಳದ ಮೂಲಕ ಪಿಂಡಕ್ಕೂ ಏರಿ, ನಡುಕದ ಜ್ವರವೂ ಬೆನ್ನಿನ ಪಕ್ಕದ ನೋವೂ ಬರುವುವು. ಇದರಲ್ಲಿ ಸ್ತ್ರೀಯರಿಗೆ ಅಪಾಯ ಹೆಚ್ಚು. ಪುರುಷರಲ್ಲಿ ಮೂತ್ರಾಶಯದಿಂದ ಹೊರಗಿನ ದ್ವಾರಕ್ಕೆ ಸುಮಾರು ೨೦ ಸೆಂಟಿಮೀಟರು ದೂರ. ಸ್ತ್ರೀಯರಲ್ಲಿ ೪ ಸೆಂಟಿಮೀಟರು ಮಾತ್ರ. ಶತ್ರುವಿಗೆ ಹಾದಿ ಅಷ್ಟು ಹತ್ತಿರ. ಹೀಗಿರುವಾಗ ನಮ್ಮ ದೇಶದಲ್ಲಿ ಹೆಚ್ಚು ಹೊತ್ತು ತಡೆಯುವವರು ಯಾರು? ಗಂಡಸರು ಬೀದಿಯ ಯಾವ ಗೋಡೆಯನ್ನೂ ಬಿಡರು. ತಡೆಯುವವರೆಲ್ಲ ಹೆಂಗಸರೂ ಹೆಣ್ಣುಮಕ್ಕಳೂ.

ಈಗ ನನ್ನ ಅಪರಾಧದ ಮಾತು. ಇಪ್ಪತ್ತು ವರ್ಷಗಳಷ್ಟು ಹಿಂದಿನದು. ಒಂದು ಹೋಬಳಿಯ ಊರಿನ ಶಾಲೆಯಲ್ಲಿ ನಾನು ಕನ್ನಡ, ಸಂಸ್ಕೃತಗಳನ್ನು ಕಲಿಸುತ್ತಿದ್ದೆನು. ಪಾಠದ ನಡುವೆ ಯಾರಾದರೂ ಕಿರುಬೆರಳನ್ನೆತ್ತಿದರೆ ನನಗೆ ಸಹಿಸುತ್ತಿರಲಿಲ್ಲ. ಒಬ್ಬನನ್ನು ಬಿಟ್ಟರೆ ಹತ್ತು ಮಂದಿ ಏಳುವರೆಂಬುದು ಉಪಾಧ್ಯಾಯರೆಲ್ಲರ ಅನುಭವ. "ಈಗ ತಾನೆ ಬಿಡುವಾಗಿತ್ತಲ್ಲ, ಕೂತ್ಕೋ" ಎಂಬುದು ನನ್ನ ಸಿದ್ಧವಾದ ಉತ್ತರವಾಗಿತ್ತು. ಇದನ್ನು ನಾನು ಶಿಸ್ತು ಎಂದು ತಿಳಿದಿದ್ದೆನು. ಹುಡುಗರು ತುಂಟರಾದುದರಿಂದ ಹಲವು ಸಲ ನನ್ನ ಊಹೆ ಸರಿಯೂ ಆಗಿರುತ್ತಿತ್ತು.

ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮಾತು ಕಡಿಮೆ, ಬರವಣಿಗೆ ಮುತ್ತಿನಂತೆ. ಒಮ್ಮೆ ಹತ್ತು ಹನ್ನೆರಡು ದಿನ ಅವಳು ಶಾಲೆಗೆ ಬರಲಿಲ್ಲ. ಆಮೇಲೆ ಒಂದು ದಿನ ಅವಳ ತಾಯಿ ಬಂದು ಕೊಠಡಿಯ ಬಾಗಿಲಲ್ಲಿ ನಿಂತರು. ಕೂಲಿಗೆ ಹೋಗುವ ಹೆಂಗಸು. ಅರ್ಧದಿನದ ಕೆಲಸವನ್ನು ಬಿಟ್ಟು ಬಂದಿದ್ದರು.

"ಮೇಷ್ಟ್ರೇ, ಮಗೀಗೆ ಚಳಿಜ್ವರ ಬಂದು ಆಸ್ಪತ್ರೇಲಿ ಮಲಗಿಸಿದ್ವಿ. ನೀರಿನ ದಾರೀಲಿ ನಂಜಾಗಿ ಮೇಲಕ್ಕೆ ಹತ್ತೈತೆ ಅಂದ್ರು ಡಾಕ್ಟ್ರು. ಬೆಳಗ್ಗೆ ಮನೆ ಬಿಟ್ಟೋಳು ಸಾಯಂಕಾಲದ ಗಂಟ ಒಂದು ಗುಟುಕು ನೀರು ಕುಡಿಯಾಕಿಲ್ವಂತೆ. ಯಾಕವ್ವಾ ಅಂದ್ರೆ, ಕುಡಿದ್ರೆ ಹೋಗಬೇಕಾಯ್ತದೆ, ಅಲ್ಲಿ ಬಾಗ್ಲಿಗೆ ಚಿಲ್ಕ ಇಲ್ಲ, ಕ್ಲಾಸಲ್ಲಿ ಕೇಳಿದ್ರೆ ಮೇಷ್ಟ್ರು ಬಿಡಾಕಿಲ್ಲ ಅಂತಾಳೆ."

ಆಕೆ ನನ್ನನ್ನು ಆಕ್ಷೇಪಿಸಲಿಲ್ಲ. ಹೇಳಬೇಕಾದುದನ್ನು ಹೇಳಿ, ಕೈಮುಗಿದು, ಮಗಳ ಪುಸ್ತಕದ ಚೀಲವನ್ನು ತೆಗೆದುಕೊಂಡು ಹೋದರು. ನಾನು ಆ ಮೇಲೆ ಹೆಣ್ಣುಮಕ್ಕಳ ಶೌಚಗೃಹವನ್ನು ಹೋಗಿ ನೋಡಿದೆನು. ಆರು ವರ್ಷ ಆ ಶಾಲೆಯಲ್ಲಿದ್ದರೂ ಆ ಕಡೆಗೆ ಅಂದೇ ನಾನು ಮೊದಲು ಹೋದುದು. ಬಾಗಿಲಿತ್ತು, ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತುಗಳಿದ್ದುವು. ಒಳಗೆ ನೀರಿರಲಿಲ್ಲ. ಒಬ್ಬಳು ಒಳಹೋದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲನ್ನು ಹಿಡಿದಿರಬೇಕಾಗಿತ್ತು. ಜೊತೆಗೆ ಗೆಳತಿಯಿಲ್ಲದವಳು ಹೋಗುವಂತೆಯೇ ಇರಲಿಲ್ಲ. ಹುಡುಗಿಯರು ಇಬ್ಬಿಬ್ಬರಾಗಿ ಅಪ್ಪಣೆ ಕೇಳುತ್ತಿದ್ದುದನ್ನು ನಾನು ಹರಟೆಯ ಉಪಾಯವೆಂದು ಎಣಿಸಿದ್ದೆನು!

ಮರುದಿನ ಪೇಟೆಯಿಂದ ಒಂದು ಚಿಲಕ, ನಾಲ್ಕು ತಿರುಪುಮೊಳೆ ಕೊಂಡುತಂದು, ಬಡಗಿಯಿಂದ ಹಾಕಿಸಿದೆನು. ನೀರಿಗೆ ಒಂದು ಡ್ರಮ್ಮನ್ನೂ ಚೊಂಬನ್ನೂ ಇಡಿಸಿದೆವು. ಎಲ್ಲಕ್ಕೂ ತಗುಲಿದ ವೆಚ್ಚ ಆ ಕಾಲಕ್ಕೂ ದೊಡ್ಡದೇನಲ್ಲ. ಹದಿಮೂರು ವೇಗಗಳನ್ನು ವಿಭಕ್ತಿದೋಷವಿಲ್ಲದೆ ಒಪ್ಪಿಸಿದ ಪಂಡಿತನಿಗೆ, ಆ ಶಾಸ್ತ್ರವಾಕ್ಯವು ತನ್ನ ತರಗತಿಯ ಮೂರನೆಯ ಸಾಲಿನಲ್ಲಿ ಕುಳಿತ ಮಗುವಿಗೂ ಅನ್ವಯಿಸುವುದೆಂದು ಹೊಳೆದಿರಲಿಲ್ಲ. ಹುಡುಗಿ ಗುಣಹೊಂದಿ ಶಾಲೆಗೆ ಬಂದಳು. ನಾನು ಅವಳಲ್ಲಿ ಕ್ಷಮೆ ಕೇಳಲಿಲ್ಲ. ಅಂದಿನ ನನಗೆ ಮೇಷ್ಟರು ಮಕ್ಕಳಲ್ಲಿ ಕ್ಷಮೆ ಕೇಳಬಹುದೆಂಬುದು ಗೊತ್ತಿರಲಿಲ್ಲ. ಆದರೆ ಆ ದಿನದಿಂದ ನಿವೃತ್ತನಾಗುವವರೆಗೆ ಕಿರುಬೆರಳನ್ನೆತ್ತಿದ ಯಾವ ಮಗುವನ್ನೂ ಕಾರಣ ಕೇಳಲಿಲ್ಲ. ಹತ್ತು ಮಂದಿ ಎದ್ದರೆಂದು ಪಾಠವೇನೂ ನಿಂತುಹೋಗಲಿಲ್ಲ.

ಅಂದಿಗಿಂತ ಈಗ ಸ್ಥಿತಿ ಸುಧಾರಿಸಿದೆ. ಎಲ್ಲ ಶಾಲೆಗಳಲ್ಲಿಯೂ ಗಂಡು ಹೆಣ್ಣುಮಕ್ಕಳಿಗೆ ಬೇರೆಬೇರೆ ಶೌಚಗೃಹಗಳೂ ಕುಡಿಯುವ ನೀರೂ ಇರತಕ್ಕುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೨ರಲ್ಲಿ ಆಜ್ಞೆಮಾಡಿತು. ೨೦೧೯ರಲ್ಲಿ ಕೇರಳದ ಕೆಲವು ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿಯನ್ನು ತಂದರು; ಅದೇ ವರ್ಷ ನಮ್ಮ ಕರ್ನಾಟಕದಲ್ಲಿಯೂ ಅದರ ಪ್ರಸ್ತಾಪ ನಡೆಯಿತು. ಸಂತೋಷದ ವಿಷಯ. ಆದರೆ ನೀರಿನ ಗಂಟೆ ಬಾರಿಸುವ ಶಾಲೆಯಲ್ಲಿ ಚಿಲಕವೂ ಇರಬೇಕು. ಇಲ್ಲವಾದರೆ ಗಂಟೆ ಕೇಳಿದ ಹುಡುಗಿ ಬಾಟಲಿಯನ್ನು ತುಟಿಗೆ ಮುಟ್ಟಿಸಿ ಕೆಳಗಿಡುವಳು. ತಾಯ್ತಂದೆಗಳು ಶಾಲೆಯ ಸಭೆಗೆ ಹೋದಾಗ ಅಂಕಗಳ ವಿಚಾರವನ್ನು ಕೇಳಿದ ಮೇಲೆ ಇದನ್ನೂ ಒಮ್ಮೆ ಕಣ್ಣಾರೆ ನೋಡಿ ಬರಲಿ. ಸಂಜೆ ಮನೆಗೆ ಬಂದ ಮಗುವಿನ ನೀರಿನ ಬಾಟಲಿ ತುಂಬಿದಂತೆಯೇ ಇದ್ದರೆ, ಬೈಯದೆ, ಕಾರಣವನ್ನು ಕೇಳಲಿ. ಋತುಮತಿಯರಾದ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇಮ್ಮಡಿ ಅವಶ್ಯ.

ಈ ನಾಚಿಕೆ ಹೆಣ್ಣುಮಕ್ಕಳದು ಮಾತ್ರವೆಂದು ತಿಳಿಯಬಾರದು. ಅದು ಇಷ್ಟು ಬರೆದ ನನ್ನನ್ನೂ ಬಿಡಲಿಲ್ಲ. ಪುರುಷರಲ್ಲಿ ಮೂತ್ರಾಶಯದ ಕೆಳಗೆ, ಮೂತ್ರಮಾರ್ಗವನ್ನು ಉಂಗುರದಂತೆ ಸುತ್ತಿಕೊಂಡು, ಅಕ್ರೋಟಿನ ಗಾತ್ರದ ಪ್ರಾಸ್ಟೇಟ್ ಎಂಬ ಗ್ರಂಥಿಯಿದೆ. ಸಂತಾನೋತ್ಪತ್ತಿಗೆ ಬೇಕಾದ ದ್ರವದ ಒಂದಂಶವನ್ನು ಒದಗಿಸುವುದು ಅದರ ಕೆಲಸ. ವಯಸ್ಸಾದಂತೆ ಅದು ಹಿಗ್ಗುವುದು. ಅರುವತ್ತರ ವಯಸ್ಸಿನವರಲ್ಲಿ ಸುಮಾರು ಅರ್ಧ ಮಂದಿಗೆ ಹೀಗಾಗುವುದೆಂದು ವೈದ್ಯರ ಅಭಿಪ್ರಾಯ. ಉಂಗುರ ದಪ್ಪವಾದಂತೆ ನಡುವಣ ಹಾದಿ ಇಕ್ಕಟ್ಟಾಗುವುದು. ಧಾರೆ ಸಣ್ಣದಾಗುವುದು, ಪೂರ್ತಿ ಬರಿದಾಗಲಿಲ್ಲವೆಂಬ ಭಾವನೆ ಉಳಿಯುವುದು, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುವುದು. ಇದು ಅರ್ಬುದರೋಗವಲ್ಲ, ಆದರೆ ಎರಡರ ಲಕ್ಷಣಗಳೂ ಒಮ್ಮೊಮ್ಮೆ ಒಂದೇ ತೆರನಾಗಿರುವುದರಿಂದ ವೈದ್ಯರು ನೋಡಿಯೇ ನಿರ್ಣಯಿಸಬೇಕು.

ನನಗೆ ಈ ಲಕ್ಷಣಗಳು ತೋರಿ ಎರಡು ವರ್ಷವಾದರೂ ಯಾರಲ್ಲಿಯೂ ಹೇಳಲಿಲ್ಲ. ಸಂಜೆಯ ಮೇಲೆ ನೀರು ಕುಡಿಯುವುದನ್ನು ಬಿಟ್ಟೆನು. ಆ ಹುಡುಗಿ ಮಾಡಿದ ಉಪಾಯವನ್ನೇ ಮಾಡಿದೆನು. ಕಳೆದ ಚಳಿಗಾಲದಲ್ಲಿ ಬಂಧುಗಳ ಮದುವೆಗೆಂದು ಬಸ್ಸಿನಲ್ಲಿ ಹೊರಟೆವು. ನೆಗಡಿಯಾಗಿದ್ದುದರಿಂದ ಅಂಗಡಿಯಲ್ಲಿ ಕೇಳಿ ಒಂದು ಗುಳಿಗೆಯನ್ನು ನುಂಗಿದ್ದೆನು. ಕೆಲವು ನೆಗಡಿಯ ಗುಳಿಗೆಗಳು ಮೂಗನ್ನು ಬಿಡಿಸುವಂತೆಯೇ ಮೂತ್ರಾಶಯದ ಬಾಯನ್ನು ಬಿಗಿಮಾಡುವುವೆಂದು ನನಗೆ ತಿಳಿದುದು ಆಮೇಲೆ. ಐದು ಗಂಟೆಗಳ ಪ್ರಯಾಣ. ಬಸ್ಸನ್ನು ನಿಲ್ಲಿಸೆಂದು ಕೇಳಲು ಸಂಕೋಚ. ಇಳಿದಾಗ ಒತ್ತರವಿದ್ದರೂ ಒಂದು ಹನಿಯೂ ಬಾರದು. ಮಧ್ಯರಾತ್ರಿಯ ಹೊತ್ತಿಗೆ ಕಿಬ್ಬೊಟ್ಟೆ ಕಲ್ಲಿನಂತಾಗಿ, ಮದುವೆಯ ಮನೆಯವರೇ ಆಸ್ಪತ್ರೆಗೆ ಒಯ್ದರು. ಎಳೆವಯಸ್ಸಿನ ವೈದ್ಯರು ಒಂದು ಸಣ್ಣ ರಬ್ಬರಿನ ನಳಿಕೆಯನ್ನು ಒಳಗೆ ಸೇರಿಸಿದರು. ಕಾಲುಗಂಟೆಯಲ್ಲಿ ನೋವೆಲ್ಲ ಶಮನವಾಯಿತು. ಆ ಸುಖಕ್ಕೆ ಸಮಾನವಾದುದನ್ನು ನಾನು ಅಲಂಕಾರಶಾಸ್ತ್ರದಲ್ಲಿಯೂ ಓದಿಲ್ಲ.

ಮಂಚದ ಪಕ್ಕದಲ್ಲಿ ಕುಳಿತಿದ್ದ ನನ್ನ ಮನೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಬೆಳಗಿನ ಜಾವಕ್ಕೆ, "ಎರಡು ವರ್ಷದಿಂದ ರಾತ್ರಿಯೆಲ್ಲಾ ಏಳ್ತಿದ್ರಿ. ಯಾಕ್ರೀ ಅಂದ್ರೆ, ನಿದ್ದೆ ಬರಲಿಲ್ಲ ಅಂತಿದ್ರಿ. ಮೂವತ್ತು ವರ್ಷ ಸಂಸಾರ ಮಾಡಿದೋಳ ಹತ್ರ ಹೇಳೋಕೂ ನಾಚಿಕೆಯೇ?" ಎಂದರು. ನಾನು ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಆಕೆ ಮುಖವನ್ನು ಬೇರೆ ಕಡೆಗೆ ತಿರುಗಿಸಿ, "ನನಗೂ ಕೆಮ್ಮಿದರೆ ತಡೆಯೋಕಾಗೋದಿಲ್ಲ. ಚಿಕ್ಕವನು ಹುಟ್ಟಿದಾಗಿನಿಂದ ಹೀಗೇ" ಎಂದರು. ಚಿಕ್ಕವನಿಗೆ ಈಗ ಇಪ್ಪತ್ತೈದು ವರ್ಷ. ಒಂದೇ ಮನೆಯಲ್ಲಿ ಇಬ್ಬರು ಒಂದೇ ಕಷ್ಟವನ್ನು ಬೇರೆಬೇರೆ ಮೂಲೆಗಳಲ್ಲಿ ಬಚ್ಚಿಟ್ಟುಕೊಂಡು ಬಾಳಿದ್ದೆವು.

ನನಗೆ ಔಷಧದಿಂದಲೇ ಗುಣ ಕಂಡಿದೆ, ಶಸ್ತ್ರಕ್ರಿಯೆ ಬೇಕಾಗಲಿಲ್ಲ. ಆಕೆಗೆ ಬೇಕಾದುದು ಔಷಧವೂ ಅಲ್ಲ. ಹೆರಿಗೆಯಲ್ಲಿ ಸಡಿಲವಾದ ಕಿಬ್ಬೊಟ್ಟೆಯ ತಳದ ಮಾಂಸಖಂಡಗಳನ್ನು, ಮೂತ್ರವನ್ನು ತಡೆಯುವಾಗ ಬಿಗಿಹಿಡಿಯುವಂತೆ, ಕೆಲವು ಕ್ಷಣ ಬಿಗಿಹಿಡಿದು ಸಡಿಲಬಿಡುವ ವ್ಯಾಯಾಮವನ್ನು ವೈದ್ಯರು ಹೇಳಿಕೊಟ್ಟರು. ಅಮೆರಿಕದ ಕೆಗೆಲ್ ಎಂಬ ವೈದ್ಯನು ೧೯೪೮ರಲ್ಲಿ ಪ್ರಚುರಪಡಿಸಿದ ಕ್ರಮವಿದು. ದಿನಕ್ಕೆ ಮೂರು ಹೊತ್ತು, ಒಂದೊಂದು ಹೊತ್ತಿಗೆ ಹತ್ತು ಸಲ. ಸೊಪ್ಪು ಬಿಡಿಸುತ್ತ ಕುಳಿತೂ ಮಾಡಬಹುದು, ಪಕ್ಕದವರಿಗೂ ತಿಳಿಯದು. ಮೂರು ತಿಂಗಳಲ್ಲಿ ಬಹುಮಟ್ಟಿಗೆ ಗುಣವಾಯಿತು. ಇಪ್ಪತ್ತೈದು ವರ್ಷದ ಸಂಕಟಕ್ಕೆ ಮೂರು ತಿಂಗಳ ಪರಿಹಾರ! ನಡುವೆ ಇದ್ದುದು ನಾಚಿಕೆಯೊಂದೇ.

ಕಡೆಯದಾಗಿ ಗೃಹಸ್ಥರು ನೆನಪಿನಲ್ಲಿಡತಕ್ಕ ಕೆಲವು ಮಾತುಗಳು. ಮೂತ್ರವು ತಿಳಿಹಳದಿಯಾಗಿದ್ದರೆ ಕುಡಿದ ನೀರು ಸಾಕೆಂದು ತಿಳಿಯಬೇಕು; ಗಾಢವಾಗಿದ್ದರೆ ಸಾಲದೆಂದು ತಿಳಿಯಬೇಕು. ಹೃದಯದ ಅಥವಾ ಮೂತ್ರಪಿಂಡದ ರೋಗವುಳ್ಳವರು ಮಾತ್ರ ನೀರಿನ ಪ್ರಮಾಣವನ್ನು ವೈದ್ಯರಿಂದಲೇ ಕೇಳಿಕೊಳ್ಳಬೇಕು. ಬೇಸಗೆಯಲ್ಲಿ ಹೊಲಗೆಲಸದವರೂ ಒಲೆಯ ಮುಂದಿರುವವರೂ ಹೆಚ್ಚಾಗಿ ಕುಡಿಯಬೇಕು. ನೀರು ಕಡಿಮೆಯಾದರೆ ಲವಣಗಳು ಹರಳುಗಟ್ಟಿ ಕಲ್ಲಾಗುವುವು. ಗರ್ಭಿಣಿಯರಿಗೆ ಪದೇಪದೇ ಹೋಗಬೇಕಾಗುವುದು ಸಹಜ. ಉರಿಯಾಗಲಿ ಜ್ವರವಾಗಲಿ ಜೊತೆಗೂಡಿದರೆ ಸಹಜವಲ್ಲ, ಕೂಡಲೆ ತೋರಿಸಬೇಕು. ರಕ್ತ ಕಂಡರೆ, ನೋವಿಲ್ಲದಿದ್ದರೂ, ಯಾವ ವಯಸ್ಸಿನವರೂ ತಡಮಾಡಕೂಡದು. ಮಧುಮೇಹವೂ ರಕ್ತದ ಒತ್ತಡವೂ ಉಳ್ಳವರು ವರ್ಷಕ್ಕೊಮ್ಮೆ ರಕ್ತ ಮೂತ್ರಗಳನ್ನು ಪರೀಕ್ಷೆಮಾಡಿಸಲಿ. ಮೂತ್ರಪಿಂಡವು ಬಹು ಸಹನಶೀಲವಾದ ಅಂಗ; ತನ್ನ ಶಕ್ತಿಯ ಬಹುಭಾಗ ಹೋಗುವವರೆಗೂ ಅದು ದೂರು ಹೇಳುವುದಿಲ್ಲ. ಮಂಡಿನೋವಿಗೆಂದು ತಾವಾಗಿಯೇ ನೋವಿನ ಗುಳಿಗೆಗಳನ್ನು ತಿಂಗಳಾನುಗಟ್ಟಲೆ ನುಂಗುವ ಹಿರಿಯರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಪಿಂಡ ಪೂರ್ತಿ ಕೆಟ್ಟಮೇಲೆ ಉಪಾಯಗಳಿಲ್ಲವೆಂದಲ್ಲ. ಹಾಲೆಂಡಿನ ಕೋಲ್ಫ್ ಎಂಬ ವೈದ್ಯನು ಯುದ್ಧಕಾಲದ ಅಭಾವದಲ್ಲಿಯೇ ೧೯೪೩ರಲ್ಲಿ ರಕ್ತವನ್ನು ತೊಳೆಯುವ ಯಂತ್ರವನ್ನು ಕಟ್ಟಿದನು; ೧೯೫೪ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅವಳಿ ಸೋದರರಲ್ಲಿ ಒಬ್ಬನ ಪಿಂಡವನ್ನು ಇನ್ನೊಬ್ಬನಿಗೆ ಜೋಡಿಸಿ ಸಫಲರಾದರು; ನಮ್ಮ ದೇಶದಲ್ಲಿ ೧೯೭೧ರಲ್ಲಿ ವೆಲ್ಲೂರಿನ ಆಸ್ಪತ್ರೆಯಲ್ಲಿ ಅದು ಸಾಧ್ಯವಾಯಿತು. ಆದರೆ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಯಂತ್ರದ ಪಕ್ಕದಲ್ಲಿ ಮಲಗುವವರನ್ನು ಕಂಡವರು, ಹಗಲಿರುಳೂ ಸದ್ದಿಲ್ಲದೆ ದುಡಿಯುವ ತಮ್ಮ ಎರಡು ಪಿಂಡಗಳಿಗೆ ಮನಸ್ಸಿನಲ್ಲಿಯೇ ಕೈಮುಗಿಯುವರು.

ಪತ್ರ ಬರೆದ ಸೋದರಿಯವರಿಗೆ ನನ್ನ ಉತ್ತರವಿಷ್ಟೆ: ತಾವು ಕೇಳಿದುದರಲ್ಲಿ ತಪ್ಪಿಲ್ಲ, ನಾವು ಇಷ್ಟು ದಿನ ಕೇಳದೆ ಇದ್ದುದರಲ್ಲಿ ತಪ್ಪಿದೆ. ಈ ಲೇಖನವನ್ನು ಮನೆಯ ಹೆಣ್ಣುಮಕ್ಕಳಿಗೆ ಓದಿಹೇಳಿರಿ. ಮನೆಯಲ್ಲಿ ವಯಸ್ಸಾದ ಗಂಡಸರಿದ್ದರೆ ಅವರ ಕಣ್ಣಿಗೆ ಬೀಳುವಲ್ಲಿ ಇದನ್ನು ಇಡಿರಿ. ಅವರು ತಾವಾಗಿ ಕೇಳಲಾರರು, ಆದರೆ ಓದುವರು.